ಓದಿದ್ದೆ, ಆದರೆ ತಿಳಿದಿರಲಿಲ್ಲ

ಮೊದಲ ಬಸಿರಿನಲ್ಲಿ ನನಗೆ 35ನೇ ವಾರ ನಡೆಯುತ್ತಿತ್ತು. ಎರಡು ದಿನದಿಂದ ತಲೆನೋವು. ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಇರಬೇಕು ಅಂದುಕೊಂಡು ಸುಮ್ನೆ ಮಲಗಿದ್ದೆ. ಬೆರಳಿನ ಉಂಗುರ ಬಿಗಿಯಾಗಿತ್ತು, ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದೆ, ತೆಗೆದ ಮೇಲೂ ಸುತ್ತ ಕೆಂಪು ಗುರುತು ಹಾಗೇ ಇತ್ತು. ಬಸುರಿಯರಿಗೆ ಊತ ಬರೋದು ಸಹಜ ಅಂತ ಎಲ್ಲರೂ ಹೇಳಿದ್ದರು. ಹಾಗಾಗಿ ಯಾರಿಗೂ ಹೇಳಲಿಲ್ಲ. ಮಾರನೇ ದಿನ ಹೇಗೂ ತಪಾಸಣೆ ಇತ್ತು.

ಅವತ್ತು ನನ್ನನ್ನು ನೋಡಿದವರು ಒಬ್ಬರು ಮಿಡ್‌ವೈಫ್, ಅಂದರೆ ಬಸಿರು, ಹೆರಿಗೆ ನೋಡಿಕೊಳ್ಳಲು ತರಬೇತಿ ಪಡೆದ ಸಿಸ್ಟರ್. ಬಿಪಿ ಪಟ್ಟಿ ಕಟ್ಟುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. "ಕಣ್ಣ ಮುಂದೆ ಏನಾದರೂ ಮಿಣುಕಿದ ಹಾಗೆ, ಚುಕ್ಕಿ ಓಡಾಡಿದ ಹಾಗೆ ಆಗ್ತಾ ಇದೆಯಾ?" ಅಂತ ಕೇಳಿದರು. ಹೌದು ಸಿಸ್ಟರ್, ನಿನ್ನೆಯಿಂದ ಆಗ್ತಾ ಇದೆ ಅಂದೆ. ಅದು ಹೇಳಬೇಕಾದ ವಿಷಯ ಅಂತ ನನಗೆ ಗೊತ್ತೇ ಇರಲಿಲ್ಲ. ಬಿಪಿ 160ರ ಮೇಲಿತ್ತು. ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ಬಂತು. ಮನೆಗೆ ವಾಪಸ್ ಹೋಗಲಿಲ್ಲ, ಅಲ್ಲಿಂದಲೇ ದಾಖಲಾದೆ.

ಈಗಲೂ ನನ್ನನ್ನು ಕಾಡುವ ಸಂಗತಿ ಒಂದಿದೆ. ಅವತ್ತು ನನ್ನ ಚೀಲದಲ್ಲಿ ಒಂದು ಕೈಪಿಡಿ ಇತ್ತು. ಮೊದಲ ತಪಾಸಣೆಯಲ್ಲೇ ಕೊಟ್ಟಿದ್ದು. ತಲೆನೋವು, ಕಣ್ಣು ಮಂಜಾಗುವುದು, ಕೈ ಮುಖ ಊದುವುದು, ಎದೆಯ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಎಲ್ಲವೂ ಅದರಲ್ಲಿ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಪ್ರಿಎಕ್ಲಾಂಪ್ಸಿಯಾ' ಅಂತ ಬರೆದಿತ್ತು, ಬಸಿರಿನಲ್ಲಿ ಬಿಪಿ ಏರಿ ತಾಯಿಗೂ ಮಗುವಿಗೂ ಅಪಾಯ ತರುವ ಕಾಯಿಲೆ ಅದು. ನಾನು ಅದನ್ನು ಎರಡು ಸಲ ಓದಿದ್ದೆ. ಆದರೆ ಆ ದೊಡ್ಡ ಹೆಸರಿಗೂ ನನ್ನ ಉಂಗುರಕ್ಕೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ. ಬಸುರಿಯರಿಗೆ ತಿಳಿವಳಿಕೆ ಕೊಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಕೊಟ್ಟ ತಿಳಿವಳಿಕೆ ಅವಳಿಗೆ ಮುಟ್ಟಿತಾ ಅಂತ ಕೇಳುವವರು ಕಡಿಮೆ. ನನ್ನನ್ನು ಉಳಿಸಿದ್ದು ಕೈಪಿಡಿ ಅಲ್ಲ, ಆ ಸಿಸ್ಟರ್ ನನ್ನ ಭಾಷೆಯಲ್ಲಿ ಕೇಳಿದ ಆ ಒಂದು ಪ್ರಶ್ನೆ.

ಆ ರಾತ್ರಿ ಫಿಟ್ಸ್ ಬರದ ಹಾಗೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟರು. ಔಷಧ ಒಳಗೆ ಹೋಗುತ್ತಿದ್ದ ಹಾಗೆ ಮೈಯೆಲ್ಲಾ ಬಿಸಿ ಏರಿತು, ಮುಖ ಉರಿಯಿತು, ಗಾಬರಿಯಾಯಿತು. ಹಾಗೆ ಆಗುತ್ತದೆ ಅಂತ ಅದೇ ಸಿಸ್ಟರ್ ಮೊದಲೇ ಹೇಳಿದ್ದರಿಂದ ಹೇಗೋ ತಡೆದುಕೊಂಡೆ. ಆಗಾಗ ಬಂದು ಪುಟ್ಟ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ಮೆಲ್ಲಗೆ ತಟ್ಟಿ ನೋಡುತ್ತಿದ್ದರು. ಯಾಕೆ ಅಂತ ಕೇಳಿದೆ. "ಔಷಧ ಜಾಸ್ತಿ ಆದರೆ ಕಾಲು ಎಗರೋದು ನಿಲ್ಲುತ್ತದೆ ಕಣಮ್ಮ, ಅದು ನಮಗೆ ಮೊದಲ ಎಚ್ಚರಿಕೆ" ಅಂದರು. ಕಾಲು ಪ್ರತಿ ಸಲವೂ ಎಗರುತ್ತಿತ್ತು. ಎರಡು ದಿನ ಬಿಟ್ಟು ಮಗಳು ಹುಟ್ಟಿದಳು. ಚಿಕ್ಕದಾಗಿದ್ದಳು, ಆದರೆ ಗಟ್ಟಿಯಾಗಿ ಅತ್ತಳು.

ಆಮೇಲೆ ತಿಂಗಳುಗಟ್ಟಲೆ ಇದರ ಬಗ್ಗೆಯೇ ಓದಿದೆ. ನನಗೆ ಕೊಟ್ಟ ಆ ಔಷಧಿಯ ಹಿಂದೆ 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನ ಇದೆ. 33 ದೇಶಗಳ 10,000ಕ್ಕೂ ಹೆಚ್ಚು ಹೆಂಗಸರು ಅದರಲ್ಲಿ ಭಾಗವಹಿಸಿದ್ದರು. ಈ ಔಷಧ ಕೊಟ್ಟವರಲ್ಲಿ ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತ ಕಡಿಮೆಯಾಗಿತ್ತು. ಆ 10,000 ಹೆಂಗಸರಲ್ಲಿ ಒಬ್ಬರೂ ನನಗೆ ಗೊತ್ತಿಲ್ಲ. ಆದರೂ ಅವರು ಒಪ್ಪಿ ಸೇರಿದ್ದರಿಂದಲೇ ನಾನು ಇವತ್ತು ಇದನ್ನು ಬರೆಯುತ್ತಿದ್ದೇನೆ ಅಂತ ಆಗಾಗ ಅನ್ನಿಸುತ್ತದೆ.

ಎಲ್ಲರಿಗೂ ಈ ಅದೃಷ್ಟ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಬಸಿರು ಮತ್ತು ಹೆರಿಗೆಯ ಕಾರಣಕ್ಕೆ ಸುಮಾರು 2,60,000 ಹೆಂಗಸರು ತೀರಿಕೊಂಡರು. ದಿನಕ್ಕೆ 700ಕ್ಕೂ ಹೆಚ್ಚು. 2000ನೇ ಇಸವಿಯಿಂದ ಈಚೆಗೆ ಈ ಸಾವಿನ ಪ್ರಮಾಣ ಸುಮಾರು 40% ಇಳಿದಿದೆ ನಿಜ. ಆದರೆ ಇವುಗಳಲ್ಲಿ ಬಹುಪಾಲು ತಡೆಯಬಹುದಾದ ಸಾವುಗಳು. ಜಾಸ್ತಿ ನೆತ್ತರು ಹೋಗುವುದು, ಬಿಪಿ ಏರುವುದು, ಸೋಂಕು. ಇವಕ್ಕೆ ಏನು ಮಾಡಬೇಕು ಅಂತ ಗೊತ್ತಿದೆ, ಔಷಧಿಯೂ ಇದೆ.

ಹಾಗಾದರೆ ತಡ ಆಗೋದು ಎಲ್ಲಿ? 1994ರಲ್ಲಿ ಥಾಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕರು ಇದನ್ನು ಮೂರು ತಡಗಳು ಅಂತ ವಿವರಿಸಿದರು. ಆಸ್ಪತ್ರೆಗೆ ಹೋಗಬೇಕು ಅಂತ ತೀರ್ಮಾನಿಸುವುದರಲ್ಲಿ ತಡ, ಅಲ್ಲಿಗೆ ತಲುಪುವುದರಲ್ಲಿ ತಡ, ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವುದರಲ್ಲಿ ತಡ. ನಾನು ಸಿಕ್ಕಿಹಾಕಿಕೊಂಡಿದ್ದು ಮೊದಲನೆಯದರಲ್ಲಿ. ತಲೆನೋವಿಗೆ ಮಲಗಿದ ಆ ಎರಡು ದಿನವೇ ನನ್ನ ತಡ.

ಮಿಡ್‌ವೈಫ್ ಅಂದ ತಕ್ಷಣ ಅನೇಕರಿಗೆ ಸೂಲಗಿತ್ತಿ ನೆನಪಾಗುತ್ತಾರೆ. ಅವರ ಅನುಭವದ ಬಗ್ಗೆ ನನಗೆ ತುಂಬ ಗೌರವ ಇದೆ. ಇಲ್ಲಿ ನಾನು ಹೇಳುತ್ತಿರುವುದು ಓದಿ, ತರಬೇತಿ ಪಡೆದು, ಪರವಾನಗಿ ಇರುವ ಮಿಡ್‌ವೈಫ್‌ಗಳ ಬಗ್ಗೆ. ಸಹಜ ಹೆರಿಗೆಯನ್ನು ತಾವೇ ನೋಡಿಕೊಳ್ಳುತ್ತಾರೆ, ಎಲ್ಲಿ ವೈದ್ಯರನ್ನು ಕರೆಯಬೇಕು ಅನ್ನೋದೂ ಅವರಿಗೆ ಗೊತ್ತಿರುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಅಂದರೆ ಇವರು ಸಂಶೋಧನೆಯನ್ನೂ ಮಾಡುತ್ತಾರೆ.

ಹೆರಿಗೆ ಕೋಣೆಯಲ್ಲಿ ಮೊದಲಿನಿಂದ ಮಾಡುತ್ತಾ ಬಂದಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ನಡೆಯುತ್ತಿದ್ದ ಕೆಲಸಗಳು ಎಷ್ಟೋ ಇದ್ದವು. ಕೂದಲು ಬೋಳಿಸುವುದು, ಎನಿಮಾ ಕೊಡುವುದು. ಇಂಗ್ಲೆಂಡಿನಲ್ಲಿ ಮೋನಾ ರಾಮ್ನಿ ಎಂಬ ಮಿಡ್‌ವೈಫ್ 1980ರ ಆಸುಪಾಸಿನಲ್ಲಿ ಇವೆರಡೂ ನಿಜಕ್ಕೂ ಬೇಕಾ ಅಂತ ಪರೀಕ್ಷೆ ಮಾಡಿ ನೋಡಿದರು. 1984ರಲ್ಲಿ ಜೆನಿಫರ್ ಸ್ಲೀಪ್ ಎಂಬ ಇನ್ನೊಬ್ಬ ಮಿಡ್‌ವೈಫ್ 1,000 ಹೆಂಗಸರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಹೆರಿಗೆ ವೇಳೆ ಕತ್ತರಿ ಹಾಕಿ ಆಮೇಲೆ ಹೊಲಿಗೆ ಹಾಕುತ್ತಾರಲ್ಲ, ಅದನ್ನು ಧಾರಾಳವಾಗಿ ಮಾಡುವುದಕ್ಕೂ ಬೇಕಾದಾಗ ಮಾತ್ರ ಮಾಡುವುದಕ್ಕೂ ಏನು ವ್ಯತ್ಯಾಸ ಅಂತ ನೋಡಿದರು. ಕತ್ತರಿ ಕಡಿಮೆ ಬಳಸಿದ್ದರಿಂದ ತಾಯಿಗಾಗಲಿ ಮಗುವಿಗಾಗಲಿ ಹಾನಿ ಕಾಣಲಿಲ್ಲ. ಇವತ್ತು ವಿಶ್ವ ಆರೋಗ್ಯ ಸಂಸ್ಥೆ ಕೂಡ ಎಲ್ಲರಿಗೂ ಕತ್ತರಿ ಹಾಕಬೇಡಿ ಅಂತಲೇ ಹೇಳುತ್ತದೆ. ಆ ನೋವಿನಲ್ಲಿ ಕೂರಲಾಗದೆ ಮಗುವಿಗೆ ಹಾಲು ಕುಡಿಸಿದವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. ಹಾಸಿಗೆ ಪಕ್ಕ ಗಂಟೆಗಟ್ಟಲೆ ನಿಂತವರಿಗೆ ಮಾತ್ರ ಹೊಳೆಯುವ ಪ್ರಶ್ನೆಗಳು ಇವು, ಅಲ್ವಾ?

ಈಚಿನ ಕೆಲಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನ. ಹೆರಿಗೆ ಆದ ಮೇಲೆ ಎಷ್ಟು ನೆತ್ತರು ಹೋಯಿತು ಅಂತ ಕಣ್ಣಂದಾಜಿನಲ್ಲೇ ಹೇಳುವುದು ವಾಡಿಕೆ. ಬಟ್ಟೆ ಹೀರಿಕೊಂಡಿರುತ್ತದೆ, ನೆಲಕ್ಕೆ ಹರಿದಿರುತ್ತದೆ, ಅಂದಾಜು ತಪ್ಪುತ್ತದೆ. ಈ ಅಧ್ಯಯನದಲ್ಲಿ ತಾಯಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದರು. ಅದರ ತುದಿ ಚೀಲದ ಹಾಗೆ ಇಳಿಬಿದ್ದಿರುತ್ತದೆ, ಚೀಲದ ಮೇಲೆ ಅಳತೆಯ ಗೆರೆ ಇರುತ್ತದೆ. ನೆತ್ತರು ಗೆರೆ ಮುಟ್ಟಿತು ಅಂದರೆ ಯಾರನ್ನೂ ಕೇಳುತ್ತಾ ಕೂರುವಂತಿಲ್ಲ. ಗರ್ಭಕೋಶ ಉಜ್ಜುವುದು, ಅದು ಬಿಗಿಯಾಗಲು ಔಷಧ, ನೆತ್ತರು ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಎಲ್ಲಿಂದ ಹೋಗುತ್ತಿದೆ ಅಂತ ಪರೀಕ್ಷೆ, ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಕು. ಅದಕ್ಕೆ ಮುಂಚೆ, ಮೊದಲು ಒಂದು ಮಾಡಿ ನೋಡಿ, ಆಗದಿದ್ದರೆ ಇನ್ನೊಂದು ಅಂತ ಕಾಯುತ್ತಿದ್ದರು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳು, 2 ಲಕ್ಷಕ್ಕೂ ಹೆಚ್ಚು ತಾಯಂದಿರು. ಹೊಸ ಕ್ರಮ ತಂದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವದಂಥ ಗಂಭೀರ ತೊಂದರೆಗಳು 60% ಕಡಿಮೆಯಾದವು. ಗೆರೆ ಇರುವ ಒಂದು ಪ್ಲಾಸ್ಟಿಕ್ ಹಾಳೆ, ಮತ್ತು ಅದನ್ನು ನೋಡಿ ತಕ್ಷಣ ಕೈಹಾಕುವ ಧೈರ್ಯ ಇರುವ ಮಿಡ್‌ವೈಫ್. ನನಗಂತೂ ಓದುವಾಗ ಕಣ್ಣು ತುಂಬಿತು.

ಎರಡನೇ ಬಸಿರಿನಲ್ಲಿ ನಾನು ಹಟ ಹಿಡಿದೆ. ಪ್ರತಿ ಸಲ ಹೊಸ ಮುಖಕ್ಕೆ ಹಳೆ ಕಥೆ ಹೇಳಲಾರೆ, ಒಬ್ಬರೇ ಮಿಡ್‌ವೈಫ್ ಮೊದಲಿನಿಂದ ಕೊನೆವರೆಗೆ ನೋಡಬೇಕು ಅಂದೆ. ಹೀಗೆ ಒಬ್ಬರೇ ಅಥವಾ ಒಂದೇ ಚಿಕ್ಕ ತಂಡ ನೋಡಿಕೊಂಡರೆ ಏನಾಗುತ್ತದೆ ಅಂತ ಕಾಕ್ರೇನ್ ಸಂಸ್ಥೆ 2024ರಲ್ಲಿ 17 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದೆ, ಅವುಗಳಲ್ಲಿ 18,000ಕ್ಕೂ ಹೆಚ್ಚು ಹೆಂಗಸರಿದ್ದರು. ಸಿಸೇರಿಯನ್ ಸ್ವಲ್ಪ ಕಡಿಮೆ, ಸಹಜ ಹೆರಿಗೆ ಸ್ವಲ್ಪ ಜಾಸ್ತಿ, ತಾಯಂದಿರಿಗೆ ಸಮಾಧಾನ ಜಾಸ್ತಿ. ಅವಧಿಗೆ ಮುಂಚಿನ ಹೆರಿಗೆಯೂ ಕಡಿಮೆಯಾಗುತ್ತದೆ ಅಂತ ಅವರದೇ 2016ರ ವರದಿ ಹೇಳಿತ್ತು, 2024ರಲ್ಲಿ ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಲಿಲ್ಲ. ಮೊದಲು ಹೇಳಿದ್ದನ್ನು ತಿದ್ದಿಕೊಂಡರಲ್ಲ, ಅದಕ್ಕೇ ನನಗೆ ಇಂಥ ಕೆಲಸದ ಮೇಲೆ ನಂಬಿಕೆ.

ಹಟ ಹಿಡಿದ ಮೇಲೆ ನನಗೆ ಸಿಕ್ಕ ಮಿಡ್‌ವೈಫ್ ತಿಂಗಳಿಗೊಮ್ಮೆ ಹತ್ತು ಮಂದಿ ಬಸುರಿಯರನ್ನು ಸುತ್ತ ಕೂರಿಸಿಕೊಂಡು ತರಗತಿ ನಡೆಸುತ್ತಿದ್ದರು. ಭಾಷಣ ಇಲ್ಲ. "ಮಗು ಒದೆಯೋದು ಕಡಿಮೆ ಆಗಿದೆ ಅಂತ ರಾತ್ರಿ ಹನ್ನೊಂದಕ್ಕೆ ಅನ್ನಿಸಿತು. ಏನು ಮಾಡ್ತೀರಿ? ಮೊದಲು ಯಾರನ್ನು ಎಬ್ಬಿಸ್ತೀರಿ?" ಅಂತ ಕೇಳಿ ಸುಮ್ಮನಾಗುತ್ತಿದ್ದರು. ಒಬ್ಬಳು ಬೆಳಗಿನವರೆಗೆ ಕಾಯ್ತೀನಿ ಅಂದಳು. ಯಾಕೆ ಅಂತ ಮೆಲ್ಲಗೆ ಕೇಳಿದರು. ಸುಮ್ನೆ ಹೋಗಿ ಏನೂ ಇಲ್ಲ ಅಂತಾದರೆ ಬೈತಾರೆ ಅನ್ನೋ ಭಯ ಅಂದಳು. ಕೂತಿದ್ದ ಅಷ್ಟೂ ಮಂದಿ ತಲೆ ಆಡಿಸಿದೆವು. ಅವತ್ತಿನ ಇಡೀ ತರಗತಿ ಆ ಭಯದ ಬಗ್ಗೆಯೇ ನಡೆಯಿತು. ಕೊನೆಗೆ ಒಬ್ಬೊಬ್ಬರೂ ಫೋನ್ ಮಾಡಿದ ಹಾಗೆ ನಟಿಸಿ ಜೋರಾಗಿ ಹೇಳಿ ಅಭ್ಯಾಸ ಮಾಡಿದೆವು: ನನಗೆ ಇಷ್ಟನೇ ವಾರ, ಸಂಜೆಯಿಂದ ಮಗು ಅಲುಗಾಟ ಕಡಿಮೆ, ಈಗಲೇ ಬರ್ತಾ ಇದ್ದೀನಿ. ಮೊದಲ ಸಲ ನನ್ನ ದನಿಯೇ ಹೊರಡಲಿಲ್ಲ.

ಹೀಗೆ ಕೂತು ಮಾತಾಡುವುದರಿಂದ ಜೀವ ಉಳಿಯುತ್ತದೆ ಅನ್ನೋದಕ್ಕೆ ಪುರಾವೆ ಇದೆ. ನೇಪಾಳದ ಮಕವಾನ್‌ಪುರದಲ್ಲಿ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅಲ್ಲಿನವರೇ ಆದ ಒಬ್ಬ ಹೆಂಗಸು ಚಿತ್ರಗಳನ್ನು ಇಟ್ಟುಕೊಂಡು ತಿಂಗಳಿಗೊಮ್ಮೆ ಮಾತುಕತೆ ನಡೆಸುತ್ತಿದ್ದರು. ನಮ್ಮ ತೊಂದರೆ ಏನು, ನಾವೇ ಏನು ಮಾಡಬಹುದು ಅಂತ ಗುಂಪಿನವರೇ ತೀರ್ಮಾನಿಸುತ್ತಿದ್ದರು. ಆ ಕಡೆ ನವಜಾತ ಶಿಶುಗಳ ಸಾವು 30% ಕಡಿಮೆ ಕಂಡಿತು. ತಾಯಂದಿರ ಸಾವೂ ಕಡಿಮೆ ಇತ್ತು, ಆದರೆ ಎಣಿಕೆ ಚಿಕ್ಕದು. 2013ರಲ್ಲಿ ಇಂಥ 7 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಬಸುರಿಯರಲ್ಲಿ ಮೂರನೇ ಒಂದು ಭಾಗದಷ್ಟಾದರೂ ಗುಂಪಿಗೆ ಬಂದಿದ್ದ ಕಡೆಗಳಲ್ಲಿ ತಾಯಂದಿರ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು.

ಆದರೆ ತಿಳಿಸಿದರೆ ಸಾಕು, ಎಲ್ಲಾ ಸರಿಯಾಗುತ್ತದೆ ಅಂತಲೂ ಅಲ್ಲ. ಮಗುವಿನ ಅಲುಗಾಟದ ಬಗ್ಗೆ ಅರಿವು ಮೂಡಿಸಿ, ದೂರು ಬಂದಾಗ ಆಸ್ಪತ್ರೆ ಏನು ಮಾಡಬೇಕು ಅಂತ ಕ್ರಮ ಹಾಕಿಕೊಟ್ಟ ಅಫರ್ಮ್ ಎಂಬ ದೊಡ್ಡ ಅಧ್ಯಯನ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 4 ಲಕ್ಷಕ್ಕೂ ಹೆಚ್ಚು ಬಸುರಿಯರಲ್ಲಿ ನಡೆಯಿತು. 2018ರಲ್ಲಿ ಫಲಿತಾಂಶ ಬಂದಾಗ, ಹೊಟ್ಟೆಯಲ್ಲೇ ಮಗು ತೀರಿಹೋಗುವುದು ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ನೋವು ಬರಿಸಿ ಹೆರಿಗೆ ಮಾಡಿಸುವುದು ಮತ್ತು ಸಿಸೇರಿಯನ್ ಜಾಸ್ತಿಯಾಗಿದ್ದವು. ನನಗೆ ಬೇಸರವಾಯಿತು. ಅಲುಗಾಟ ಕಡಿಮೆಯಾದರೆ ಹೋಗಿ ತೋರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹೋದ ಮೇಲೆ ಅಲ್ಲಿ ಏನು ಮಾಡಿದರೆ ಮಗು ಉಳಿಯುತ್ತದೆ ಅನ್ನೋದನ್ನು ಇನ್ನೂ ಹುಡುಕಬೇಕಿದೆ. ಅದಕ್ಕೇ ತರಗತಿಗೂ ಸಂಶೋಧನೆಗೂ ಎರಡಕ್ಕೂ ದುಡ್ಡು, ಜನ ಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. 2021ರ ವಿಶ್ವ ಮಿಡ್‌ವೈಫರಿ ವರದಿ ಪ್ರಕಾರ ಜಗತ್ತಿನಲ್ಲಿ 9 ಲಕ್ಷ ಮಿಡ್‌ವೈಫ್‌ಗಳ ಕೊರತೆ ಇದೆ. ಐದು ನಿಮಿಷಕ್ಕೊಬ್ಬರನ್ನು ನೋಡಿ ಕಳಿಸಬೇಕಾದವರು ನಿಧಾನವಾಗಿ ಕೂತು ಮಾತಾಡೋದು ಹೇಗೆ?

ಇನ್ನೊಂದು ಮಾತು ಹೇಳಲೇಬೇಕು. ಹೆಚ್ಚಿನ ತರಗತಿಗಳು ಮಗು ಹುಟ್ಟುವ ದಿನಕ್ಕೆ ಮುಗಿದುಬಿಡುತ್ತವೆ. ಅಪಾಯ ಅವತ್ತಿಗೆ ಮುಗಿಯುವುದಿಲ್ಲ. ಬಿಪಿ ಹೆರಿಗೆ ಆದ ಮೇಲೂ ಏರಬಹುದು, ಫಿಟ್ಸ್ ಬರಬಹುದು, ಜ್ವರ, ವಾಸನೆಯ ಸ್ರಾವ, ಕಾಲಿನ ಮೀನಖಂಡದಲ್ಲಿ ನೋವು, ಉಸಿರು ಸಿಗದಿರುವುದು, ಒಂದೇ ಸಮ ಅಳು, ಬದುಕೇ ಬೇಡ ಅನ್ನಿಸುವುದು. ಇವುಗಳಲ್ಲಿ ಯಾವುದಾದರೂ ಇದ್ದರೆ ಬಾಣಂತಿಗೆ ಇದೆಲ್ಲ ಮಾಮೂಲು ಅಂತ ಬಿಡಬೇಡಿ. ತಕ್ಷಣ ಹೋಗಿ ತೋರಿಸಿ.

ಮಗ ಹುಟ್ಟಿದ ಐದನೇ ದಿನ ನಮ್ಮ ಮಿಡ್‌ವೈಫ್ ಮನೆಗೆ ಬಂದರು. ಬಂದವರೆಲ್ಲ ನೇರ ತೊಟ್ಟಿಲ ಹತ್ತಿರ ಹೋಗುತ್ತಿದ್ದರು. ಇವರು ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಮಂಚದ ಮೇಲೆ ಕೂತರು. ಬಿಪಿ ಪಟ್ಟಿ ಕಟ್ಟಿದರು. ನನ್ನ ಕೈ ಹಿಡಿದು ಬೆರಳು ನೋಡಿದರು, ಉಂಗುರ ಸಲೀಸಾಗಿ ತಿರುಗುತ್ತಿತ್ತು. "ಮಗು ಮಲಗಿದೆ, ಇರಲಿ ಬಿಡಿ. ನೀವು ಹೇಗಿದ್ದೀರಿ ಹೇಳಿ" ಅಂದರು. ನಾನು ಹೇಳುವುದಕ್ಕೆ ಶುರು ಮಾಡಿದೆ.