ಇಲಿ ಅಂದರೆ ಬರೀ ಇಲಿಯಾ?

ಕಾದಂಬರಿಕಾರರು ಸಂಕೇತಗಳನ್ನು ಮೊದಲೇ ಲೆಕ್ಕ ಹಾಕಿ ಇಡುತ್ತಾರಾ? ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಮತ್ತೆ ಓದುವಾಗ ಇದೇ ತಲೆಯಲ್ಲಿ ಕೊರೀತಿತ್ತು. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣ ಅಂದರೆ ಕೊಳೆತ ಸಂಪ್ರದಾಯ, ಸಾಯುವ ಇಲಿಗಳು ಅಂದರೆ ಒಳಗಿನ ರೋಗ. ಗೈಡುಗಳು ಹೇಳೋದು ಇಷ್ಟೇ, ಪರೀಕ್ಷೆಗೆ ಸಾಕು ಬಿಡಿ.

ಆದರೆ ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ 'ಸೆವೆಂತ್ ಸೀಲ್' ನೋಡಿದ್ದರು, ಅದೂ ಸಬ್‌ಟೈಟಲ್ ಇಲ್ಲದೆ. ಅಲ್ಲೂ ಪ್ಲೇಗು. ಮಾತು ಅರ್ಥವಾಗದ ಆ ಸಿನಿಮಾ ಊರಿನ ಹಳೇ ಪ್ಲೇಗಿನ ನೆನಪನ್ನು ಕೆದಕಿರಬೇಕು. 1965ರಲ್ಲಿ ಕಾದಂಬರಿ ಬಂತು. ಇದರಲ್ಲಿ ಪ್ಲಾನ್ ಎಷ್ಟು, ತಾನಾಗಿ ಬಂದದ್ದೆಷ್ಟು? ಹೆಣ ಯಾರು ಸುಡಬೇಕು ಅಂತ ಬ್ರಾಹ್ಮಣರು ಇನ್ನೂ ಶಾಸ್ತ್ರ ಹುಡುಕುತ್ತಿರುವಾಗಲೇ ನಾರಣಪ್ಪನ ಸಂಗಾತಿ ಚಂದ್ರಿ ಒಬ್ಬ ಮುಸ್ಲಿಮನ ಸಹಾಯದಿಂದ ರಾತ್ರಿ ಹೆಣ ಸುಡಿಸಿಬಿಡುತ್ತಾಳಲ್ಲ, ಅದನ್ನು ಯಾವ ಸಂಕೇತದ ಡಬ್ಬಿಗೆ ಹಾಕೋದು? ನನಗಂತೂ ಅದು ಕಥೆಯ ಜೀವ, ಅಷ್ಟೇ.

ಹೆಮಿಂಗ್ವೇ 1952ರ ಪತ್ರವೊಂದರಲ್ಲಿ ಖಡಾಖಂಡಿತವಾಗಿ ಹೇಳಿದ್ದ: ತನ್ನ 'ದಿ ಓಲ್ಡ್ ಮ್ಯಾನ್ ಅಂಡ್ ದ ಸೀ' ಕಾದಂಬರಿಯಲ್ಲಿ ಸಂಕೇತವೇ ಇಲ್ಲ, ಸಮುದ್ರ ಸಮುದ್ರವೇ, ಮುದುಕ ಮುದುಕನೇ. ಅಂಗೈ ಗಾಯವಾದ ಮುದುಕನ ಹೆಗಲ ಮೇಲೆ ದೋಣಿಯ ಕಂಬ ಹೊರಿಸಿ, ದಿಬ್ಬ ಹತ್ತಿಸಿ, ಬೀಳಿಸಿದವನೂ ಇವನೇ. ಶಿಲುಬೆ ನೆನಪಾಗಲೇ ಇಲ್ಲ ಅಂದರೆ ನಾನು ನಂಬಲ್ಲ!