ಅತ್ತೆಯ ಬೀರುವಿನ ಕನ್ನಡಿ

ಕಳೆದ ನವರಾತ್ರಿ ಮುಗಿದ ವಾರ ತೀರ್ಥಹಳ್ಳಿಯ ಹತ್ತಿರದ ನನ್ನ ಸೋದರತ್ತೆಯ ಮನೆಯಲ್ಲಿ ಕಿರುಚಿತ್ರವೊಂದನ್ನು ತೆಗೆದೆವು. ಕಣ್ಣು ಮಂಜಾಗುತ್ತಿರುವುದನ್ನು ಸೊಸೆಗೆ ತಿಳಿಯದಂತೆ ಮುಚ್ಚಿಟ್ಟುಕೊಂಡು ಅಡುಗೆ ಮಾಡುವ ಮುದುಕಿಯ ಕತೆ, ಹನ್ನೆರಡು ನಿಮಿಷದ್ದು. ನಿರ್ದೇಶನ ಗೆಳೆಯನದು, ಕ್ಯಾಮೆರಾ ನನ್ನದು, ಊಟ ಅತ್ತೆಯದು. ಚೀಲದಿಂದ ಕ್ಯಾಮೆರಾ ಹೊರತೆಗೆದಾಗ ಅತ್ತೆ ಅದನ್ನು ಮೇಲೆ ಕೆಳಗೆ ನೋಡಿ, "ಇಷ್ಟೇನಾ? ನಿನ್ನ ಮದುವೆಗೆ ಬಂದವನ ಹತ್ತಿರ ಇದಕ್ಕಿಂತ ದೊಡ್ಡದಿತ್ತಲ್ಲ ಮಾರಾಯ" ಎಂದರು.

ಇತ್ತು, ನಿಜ. ನನ್ನದು 2017ರಲ್ಲಿ ಬಂದ ಪ್ಯಾನಸೋನಿಕ್ ಜಿಎಚ್5. ಅದೂ ಇನ್ನೊಬ್ಬರು ಬಳಸಿ ಮಾರಿದ್ದು. ಹಿಂದಿನ ಚಿತ್ರಕ್ಕೆ ದೊಡ್ಡ ಸಿನಿಮಾ ಕ್ಯಾಮೆರಾವನ್ನೇ ಎರಡು ದಿನಕ್ಕೆ ಬಾಡಿಗೆಗೆ ತಂದಿದ್ದೆವು. ಕೈಯಲ್ಲಿದ್ದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ಜೊತೆಗೆ ಬಂದ ಸಹಾಯಕರ ದಿನಭತ್ಯೆ, ವ್ಯಾನಿನ ಬಾಡಿಗೆ ಬೇರೆ. ಎರಡನೆಯ ದಿನ ಸಂಜೆ ಆರಕ್ಕೆ ಕ್ಯಾಮೆರಾ ಹಿಂದಿರುಗಿಸಬೇಕೆಂದು ಕೊನೆಯ ಏಳು ಶಾಟುಗಳನ್ನು ಬೆಳಕು ಹೇಗಿತ್ತೋ ಹಾಗೆಯೇ ತೆಗೆದು ಮುಗಿಸಿದೆ. ಎಡಿಟಿಂಗ್‌ಗೆ ಕುಳಿತಾಗ ಅವುಗಳಲ್ಲಿ ಮೂರನ್ನು ಕಿತ್ತೆಸೆಯಬೇಕಾಯಿತು. ಅದಕ್ಕೇ ಈ ಸಲ ನನ್ನದೇ ಸಣ್ಣ ಕ್ಯಾಮೆರಾ, ಐದು ದಿನ, ಯಾರಿಗೂ ಹಿಂದಿರುಗಿಸುವ ಗಡಿಬಿಡಿಯಿಲ್ಲ.

ಹಾಗೆಂದು ನಾನು ಬುದ್ಧಿವಂತನಾಗಿಬಿಟ್ಟೆ ಎಂದುಕೊಳ್ಳಬೇಡಿ. ಬಾಡಿಗೆ ಉಳಿಯಿತೆಂಬ ಹುರುಪಿನಲ್ಲಿ ಹೀಲಿಯೋಸ್ 44-2 ಎಂಬ ಸೋವಿಯತ್ ಕಾಲದ 58 ಎಂಎಂ ಲೆನ್ಸ್ ಕೊಂಡೆ. ಅದರಲ್ಲಿ ತೆಗೆದ ಚಿತ್ರಗಳ ಹಿನ್ನೆಲೆ ನೀರಿನ ಸುಳಿಯಂತೆ ತಿರುಗಿ ಕಾಣುತ್ತದೆ. ಅಂತರ್ಜಾಲದಲ್ಲಿ ಅದನ್ನು ನೋಡಿ ನೋಡಿ ಮರುಳಾಗಿದ್ದೆ. ನಾನು ಯೋಚಿಸದೆ ಹೋದದ್ದು ಇಷ್ಟೇ: ಆ ಸುಳಿ ಇರುವುದು ಚಿತ್ರದ ಅಂಚಿನಲ್ಲಿ, ನನ್ನ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಮೈಕ್ರೋ ಫೋರ್ ಥರ್ಡ್ಸ್ ಎಂಬ ಚಿಕ್ಕ ಅಳತೆಯದು, ಲೆನ್ಸ್ ಕೊಡುವ ಚಿತ್ರದ ನಡುಭಾಗವನ್ನಷ್ಟೇ ಅದು ಹಿಡಿಯುತ್ತದೆ. ದೋಸೆಯ ಗರಿಗರಿ ಅಂಚು ಬೇಕೆಂದು ಆಸೆಪಟ್ಟು ನಡುವಿನ ತುಂಡಿಗೆ ದುಡ್ಡು ಕೊಟ್ಟ ಹಾಗಾಯಿತು. ಲೆನ್ಸಿನ ಎಂಎಂ ಹೆಚ್ಚಿದಷ್ಟೂ ನೋಟ ಕಿರಿದು. ಸಾಲದ್ದಕ್ಕೆ ಈ ಸೆನ್ಸರಿನ ಮೇಲೆ 58 ಎಂಎಂ ಲೆನ್ಸಿನ ನೋಟ ದೊಡ್ಡ ಸೆನ್ಸರಿನ 116 ಎಂಎಂನಷ್ಟು ಕಿರಿದಾಗುತ್ತದೆ. ಅಡುಗೆಮನೆಯಲ್ಲಿ ಮುದುಕಿಯ ಮುಖ ಮತ್ತು ಕೈಯಲ್ಲಿನ ಸೌಟು ಎರಡೂ ಒಂದೇ ಚೌಕಟ್ಟಿಗೆ ಬರಲಿ ಎಂದು ಹಿಂದೆ ಹಿಂದೆ ಸರಿದು ಕೊನೆಗೆ ನನ್ನ ಬೆನ್ನು ನೀರಿನ ಹಂಡೆಗೆ ತಾಗಿತು. ಸೌಟು ಬರಲೇ ಇಲ್ಲ. ಇಡೀ ಚಿತ್ರವನ್ನು 12-35 ಎಂಎಂ ಜೂಮ್‌ನಲ್ಲಿ, ಹೆಚ್ಚಾಗಿ 17ರ ಆಸುಪಾಸಿನಲ್ಲಿ ತೆಗೆದೆ. ಹೀಲಿಯೋಸ್ ಒಂದೇ ಒಂದು ಶಾಟಿಗೆ ಬಂತು, ಕಣ್ಣಿನ ಕ್ಲೋಸಪ್‌ಗೆ.

ಮೊದಲ ದಿನ ಅಡುಗೆಮನೆಯ ಎಲ್‌ಇಡಿ ಬಲ್ಬಿನ ಬೆಳಕಿನಲ್ಲೇ ಶುರುಮಾಡಿದೆವು. ನಾಲ್ಕು ಶಾಟು ಮುಗಿದ ಮೇಲೆ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಗೋಡೆಯ ಮೇಲೆ ಕಪ್ಪು ಪಟ್ಟೆಗಳು ಮೆಲ್ಲಗೆ ಮೇಲಕ್ಕೆ ಹರಿಯುತ್ತಿವೆ. ಬಲ್ಬನ್ನು ಬೈದೆ. ಆಮೇಲೆ ನೋಡಿದರೆ ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು, 1/60 ಸೆಕೆಂಡಿನಲ್ಲಿ ಕುಳಿತಿದೆ. ಹಿಂದಿನ ವಾರ ಹೊರದೇಶದ ಗ್ರಾಹಕರೊಬ್ಬರಿಗೆ ಸೆಕೆಂಡಿಗೆ 30 ಫ್ರೇಮಿನಲ್ಲಿ ಏನೋ ತೆಗೆದುಕೊಟ್ಟು ಬದಲಾಯಿಸಲು ಮರೆತಿದ್ದೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಅಗ್ಗದ ಬಲ್ಬು ಪ್ರತಿ ಆವರ್ತನಕ್ಕೆ ಎರಡು ಸಲ, ಅಂದರೆ ಸೆಕೆಂಡಿಗೆ 100 ಸಲ, ಹೊಳೆದು ಮಂಕಾಗುತ್ತದೆ. ಶಟರ್ 1/50 ಇದ್ದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಹೊಳಪು ದಕ್ಕುತ್ತದೆ. 1/60ಕ್ಕೆ ಇಟ್ಟರೆ ಒಂದೂ ಮುಕ್ಕಾಲಿಗಿಂತ ಕಡಿಮೆ, ಅದೂ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಸಾಲಿನಿಂದ ಸಾಲಿಗೆ ಹೆಚ್ಚುಕಡಿಮೆ. ಅದೇ ಪಟ್ಟೆ. ಯೂಟ್ಯೂಬಿನಲ್ಲಿ ಅಮೆರಿಕದವರು 1/60 ಇಟ್ಟು ನಿಶ್ಚಿಂತೆಯಿಂದ ಚಿತ್ರೀಕರಿಸುವುದನ್ನು ನೋಡಿ ಮೋಸಹೋಗಬೇಡಿ, ಅವರ ಕರೆಂಟು 60ರದ್ದು. ನಾವು 24 ಫ್ರೇಮಿನಲ್ಲಿ ತೆಗೆದರೂ ಶಟರನ್ನು 1/50ಕ್ಕೇ ಕಟ್ಟಿಹಾಕಬೇಕು.

ಪಟ್ಟೆ ಹೋಯಿತು, ಆದರೆ ಮುಖ ಹೆಣದ ಮುಖದಂತೆ ಹಸಿರಾಗಿಯೇ ಉಳಿಯಿತು. ಅಂಥ ಬಲ್ಬುಗಳ ಬೆಳಕಿನಲ್ಲಿ ಕೆಂಪು ತೀರ ಕಡಿಮೆ. ನಮ್ಮ ಚರ್ಮಕ್ಕೆ ಬೇಕಾದದ್ದೇ ಅದು. ಬಲ್ಬು ಕಳಚಿಸಿದೆ. ಈಗ ಕತ್ತಲೆ. ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಎನ್ನುವ ಅಳತೆಯಾದ ಐಎಸ್‌ಒ 1600 ದಾಟಿಸಿದರೆ ಈ ಕ್ಯಾಮೆರಾದ ನೆರಳುಗಳಲ್ಲಿ ಇರುವೆ ಹರಿದಾಡಿದ ಹಾಗೆ ಕಾಣುತ್ತದೆ. ತಂದಿದ್ದ ಎರಡು ಪುಟ್ಟ ಲೈಟುಗಳು ಆ ಹೊಗೆ ಹಿಡಿದ ಗೋಡೆಗಳ ಮುಂದೆ ದೇವರ ದೀಪ. ಹೊರಗೆ ತೊಟ್ಟಿಯಂಗಳದಲ್ಲಿ ಮಾತ್ರ ಹತ್ತೂವರೆಯ ಬಿಸಿಲು ಸುಮ್ಮನೆ ಬಿದ್ದುಕೊಂಡಿತ್ತು.

ಆಗ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ನೆನಪಾದರು. ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದವರು, ಮುಂದೆ ಫಾಲ್ಕೆ ಪ್ರಶಸ್ತಿ ಪಡೆದವರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಖಾಲಿ ಸ್ಟುಡಿಯೊದ ಕತ್ತಲೆಯನ್ನು ಸೀಳಿಕೊಂಡು ಇಳಿಯುವ ಆ ಬೆಳಕಿನ ಕೋಲನ್ನು ಅವರು ಯಾವ ದೊಡ್ಡ ದೀಪದಿಂದಲೂ ಮಾಡಲಿಲ್ಲ. ಹೊರಗಿನ ಬಿಸಿಲನ್ನು ಎರಡು ಕನ್ನಡಿಗಳಿಂದ ಒಳಗೆ ತಂದರು. ಬಿಸಿಲನ್ನು ಮೀರಿಸುವ ಲೈಟು ಬಾಡಿಗೆ ಅಂಗಡಿಯಲ್ಲಿ ಇಲ್ಲ.

"ಅತ್ತೆ, ನಿಮ್ಮ ಬೀರುವಿನ ಕನ್ನಡಿ ಬಿಚ್ಚಿಕೊಳ್ಳಲೇ?"

"ಒಡೆದರೆ ನಿನ್ನ ತಲೆ ಒಡೆಯುತ್ತೇನೆ" ಎಂದರು, ಆದರೆ ಸ್ಕ್ರೂಡ್ರೈವರ್ ಅವರೇ ತಂದುಕೊಟ್ಟರು.

ಮರದ ಬೀರುವಿನ ಆಳುದ್ದದ ಕನ್ನಡಿ, ಒಂದು ಮೂಲೆಯಲ್ಲಿ ಪಾದರಸ ಹೋಗಿ ಕಲೆಗಟ್ಟಿದ್ದು. ಅದನ್ನು ತೊಟ್ಟಿಯ ನಡುವೆ ಒರಗಿಸಿ ಬಾಗಿಲಿನ ಮೂಲಕ ಬೆಳಕನ್ನು ಒಲೆಯ ಕಡೆ ತಿರುಗಿಸಿದೆವು. ಹಸಿ ಕಟ್ಟಿಗೆಯ ಹೊಗೆ ಹೇಗೂ ಇತ್ತು. ಅದರಲ್ಲಿ ಬೆಳಕಿನ ಕೋಲು ಎದ್ದು ನಿಂತಿತು. ನಿರ್ದೇಶಕ ಬಾಯಿ ತೆರೆದವನು ಮುಚ್ಚಲಿಲ್ಲ. ಆದರೆ ಸೂರ್ಯ ಯಾರ ಶೆಡ್ಯೂಲಿಗೂ ಕಾಯುವವನಲ್ಲ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ, ಆರು ಮೀಟರ್ ದೂರದ ಗೋಡೆಯ ಮೇಲೆ ಅದು ಅರ್ಧ ಗೇಣು. ಎರಡು ಟೇಕಿಗೆ ಬೆಳಕು ಒಲೆ ಬಿಟ್ಟು ಉಪ್ಪಿನಕಾಯಿ ಭರಣಿಯ ಮೇಲೆ ಹೋಗಿ ಕುಳಿತಿರುತ್ತಿತ್ತು. ಅತ್ತೆಯ ಮೊಮ್ಮಗನನ್ನು ಕನ್ನಡಿಗೆ ಕಾವಲಿಟ್ಟು ಗೋಡೆಗೆ ಸುಣ್ಣದ ಗುರುತು ಹಾಕಿಕೊಟ್ಟೆ. ಆ ಹುಡುಗ ಮೂರು ದಿನ ಬೆಳಕನ್ನು ಆ ಗುರುತಿನಿಂದ ಬೆರಳಿನಷ್ಟೂ ಅಲುಗಾಡಗೊಡಲಿಲ್ಲ.

ನೇರ ಬೆಳಕು ಮುಖಕ್ಕೆ ಬಡಿದರೆ ಕಣ್ಣು ಮುಚ್ಚಿಹೋಗುತ್ತದೆ, ಸುಕ್ಕುಗಳು ಚಾಕುವಿನಲ್ಲಿ ಗೀರಿದಂತೆ ಕಾಣುತ್ತವೆ. ಆದ್ದರಿಂದ ಮುಖದ ಶಾಟುಗಳಿಗೆ ಕನ್ನಡಿಯ ಬೆಳಕನ್ನು ಅಟ್ಟಕ್ಕೆ ಎತ್ತಿದೆವು. ಅಲ್ಲಿ ಮಾವನ ಎರಡು ಬಿಳಿ ಪಂಚೆಗಳನ್ನು ಬಿಗಿಯಾಗಿ ಕಟ್ಟಿದ್ದೆವು. ಪಂಚೆಗೆ ಬಡಿದು ಕೆಳಗೆ ಬಂದ ಬೆಳಕು ಮೋಡದ ದಿನದ ಅಂಗಳದ ಬೆಳಕಿನಷ್ಟು ಮೆತ್ತಗೆ. ಇದೂ ನನ್ನ ತಲೆಯಿಂದ ಹುಟ್ಟಿದ್ದಲ್ಲ. ಸತ್ಯಜಿತ್ ರಾಯ್ ಅವರ 1956ರ 'ಅಪರಾಜಿತೊ' ಚಿತ್ರಕ್ಕೆ ಬನಾರಸ್ಸಿನ ಮನೆಯ ಒಳ ಅಂಗಳವನ್ನು ಬಯಲಿನಲ್ಲಿ ಕಟ್ಟಬೇಕೆಂದಿದ್ದರು. ಮಳೆಯ ಭಯಕ್ಕೆ ಕೊಲ್ಕತ್ತದ ಸ್ಟುಡಿಯೊದೊಳಗೆ ಕಟ್ಟಿದರು. ಒಳಗೆ ಆಕಾಶ ಎಲ್ಲಿಂದ ತರುವುದು? ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಟ್ಟೆ ಹರಡಿಸಿ ದೀಪಗಳನ್ನು ಅದಕ್ಕೆ ಗುರಿಯಿಟ್ಟರು. ನಮಗೆ ಆಕಾಶ ಹತ್ತಡಿ ದೂರದಲ್ಲೇ ಇತ್ತು, ಒಳಗೆ ಬರಲು ದಾರಿ ಮಾತ್ರ ಇರಲಿಲ್ಲ.

ಬೆಳಕು ತಂದ ಮೇಲೆ ತೆಗೆಯುವ ಕೆಲಸ. ಮುದುಕಿಯ ಎಡಗೆನ್ನೆಯ ಪಕ್ಕದಲ್ಲಿ ಕಪ್ಪು ಕಂಬಳಿ ಹಿಡಿಸಿದೆ. ದೊಡ್ಡ ಸೆಟ್ಟಿನಲ್ಲಿ ಇದಕ್ಕೆ ಕಟ್ಟರ್ ಎನ್ನುತ್ತಾರೆ. ಆ ಕಡೆ ನೆರಳು ಇಳಿಯಿತು, ಕಣ್ಣು ಕಾಣದವಳ ಮುಖ ಅಲ್ಲಿ ಸಿಕ್ಕಿತು. ಅದೇ ಕಂಬಳಿ ಸಂಜೆ ಟ್ರಾಲಿಯೂ ಆಯಿತು: ನುಣುಪಾದ ಕೆಂಪು ನೆಲದ ಮೇಲೆ ಹಾಸಿ ನಾನು ಕ್ಯಾಮೆರಾ ಹಿಡಿದು ಕುಳಿತೆ, ಇಬ್ಬರು ಎಳೆದರು. ಏಳನೆಯ ಸಲಕ್ಕೆ ಅಲುಗಾಟವಿಲ್ಲದೆ ಬಂತು. ಪ್ಯಾಂಟಿನ ಬಗ್ಗೆ ಕೇಳಬೇಡಿ.

ಅಡಿಕೆ ತೋಟದ ಹಗಲಿನ ಶಾಟುಗಳಿಗೆ, ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ. ಲಾಗ್‌ನಲ್ಲಿ, ಅಂದರೆ ಬಣ್ಣವನ್ನು ಆಮೇಲೆ ತಿದ್ದಿಕೊಳ್ಳಲೆಂದು ಮಂಕಾಗಿ ದಾಖಲಿಸುವ ಬಗೆಯಲ್ಲಿ, ಈ ಕ್ಯಾಮೆರಾ ಐಎಸ್‌ಒ 400ಕ್ಕಿಂತ ಕೆಳಗೆ ಇಳಿಯದು. ಶಟರ್ 1/50, ಲೆನ್ಸಿನ ಕಂಡಿ, ಅಂದರೆ ಅಪರ್ಚರ್, ಎಫ್4 ಎಂದರೆ ಪೂರಾ ಬಿಸಿಲಿನಲ್ಲಿ ಏಳು ಸ್ಟಾಪು ಹೆಚ್ಚು, ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ. ನನ್ನದು ತಿರುಗಿಸಿ ಕಪ್ಪು ಹೆಚ್ಚುಕಡಿಮೆ ಮಾಡುವ ಎನ್‌ಡಿ. ಅದರೊಳಗೆ ಇರುವುದು ಪ್ರತಿಫಲನ ತಡೆಯುವ ಎರಡು ಪೋಲರೈಸರ್ ಗಾಜು, ಹೀಗಾಗಿ ಒದ್ದೆ ಎಲೆಗಳ ಹೊಳಪನ್ನೂ ಅದು ನುಂಗಿಹಾಕುತ್ತದೆ. ಮಳೆ ನಿಂತ ಮಲೆನಾಡಿನಲ್ಲಿ ಎಲೆ ಹೊಳೆಯದಿದ್ದರೆ ಪ್ಲಾಸ್ಟಿಕ್ ಗಿಡ ನೋಡಿದ ಹಾಗೆ. ಮುಂದಿನ ಸಲ ಮಾಮೂಲಿ ಎನ್‌ಡಿ ಗಾಜುಗಳನ್ನೇ ಒಯ್ಯುತ್ತೇನೆ, ಬದಲಾಯಿಸುವ ರಗಳೆ ಇದ್ದರೂ.

ಜನವರಿಯಲ್ಲಿ ಬೆಂಗಳೂರಿನಲ್ಲಿ ಮೂವತ್ತು ಜನರ ಮುಂದೆ ಚಿತ್ರ ತೋರಿಸಿದೆವು. ಮುಗಿದ ಮೇಲೆ ಒಬ್ಬ ಹುಡುಗ ಬಂದು, ಒಲೆಯ ಹಿಂದಿನ ಗೋಡೆಯ ಮೇಲೆ ಮರದ ಎಲೆಗಳ ನೆರಳಿನಂಥದ್ದು ಬಿದ್ದಿತ್ತಲ್ಲ, ಅದಕ್ಕೆ ಯಾವ ಗೋಬೋ (ದೀಪದ ಮುಂದೆ ಹಿಡಿಯುವ ನೆರಳಿನಚ್ಚು) ಬಳಸಿದಿರಿ ಎಂದು ಕೇಳಿದ. ನನಗೆ ಅಂಥದ್ದೇನೂ ನೆನಪಾಗಲಿಲ್ಲ. ತೊಟ್ಟಿಯಲ್ಲಿ ತುಳಸಿ ಬಿಟ್ಟರೆ ಬೇರೆ ಗಿಡವಿಲ್ಲ. ಏನೋ ಜಾಣತನದ ಉತ್ತರ ಕೊಟ್ಟು ಕಳುಹಿಸಿದೆ.

ಅತ್ತೆಗೆ ವಾಟ್ಸ್ಯಾಪ್‌ನಲ್ಲಿ ಲಿಂಕ್ ಕಳುಹಿಸಿದ್ದೆ. ರಾತ್ರಿ ಫೋನ್ ಮಾಡಿದರು. ಕತೆಯ ಬಗ್ಗೆ ಒಂದು ಮಾತಿಲ್ಲ.

"ಗೋಡೆಯ ಮೇಲೆ ನನ್ನ ಕನ್ನಡಿಯ ಕಲೆ ಕಾಣುತ್ತಿದೆಯಲ್ಲೋ" ಎಂದರು. "ಒರೆಸಿಕೊಂಡಾದರೂ ಇಡಬಾರದಿತ್ತೇ?"