ದಾನ್

ಬೆಳಿಗ್ಗೆಯಿಂದ ಒಂದೇ ಹೆಸರು ತಲೆಯಲ್ಲಿ ಸುತ್ತುತ್ತಿದೆ. ದಾನ್. ಹೀಬ್ರೂವಿನಲ್ಲಿ ಬರೆದರೆ ಎರಡೇ ಅಕ್ಷರ. ನಮ್ಮ ಕಿವಿಗೆ ‘ದಾನ’ದಂತೆ ಕೇಳುತ್ತದೆ, ಅಲ್ಲಿ ಮಾತ್ರ ‘ನ್ಯಾಯ ತೀರಿಸಿದ’ ಎಂದರ್ಥ. ಬೈಬಲಿನಲ್ಲಿ ಬರುವ, ಮಕ್ಕಳಿಲ್ಲದ ರಾಹೇಲಳು, ತನ್ನ ದಾಸಿ ಬಿಲ್ಹಾ ಹೆತ್ತ ಮಗುವನ್ನು ತನ್ನದೆಂದುಕೊಂಡು, ದೇವರು ತನಗೆ ನ್ಯಾಯ ತೀರಿಸಿದನೆಂದು ಇಟ್ಟ ಹೆಸರದು. ಹೆತ್ತ ಬಿಲ್ಹಾಳಿಗೆ ಏನನ್ನಿಸಿತೋ! ಕಥೆಯಲ್ಲಿ ಅವಳ ಮಾತೇ ಇಲ್ಲ. ನನ್ನ ಮನಸ್ಸು ಪ್ರತಿ ಸಲ ಅಲ್ಲೇ ನಿಂತುಬಿಡುತ್ತದೆ.

ಆ ಮಗುವಿನಿಂದ ಇಸ್ರಾಯೇಲರ ಒಂದು ಕುಲವಾಯಿತು. ಕುಲದವರು ಉತ್ತರಕ್ಕೆ ಹೋಗಿ ಲಯಿಷ್ ಎಂಬ ಊರನ್ನು ಸುಟ್ಟು, ಮತ್ತೆ ಕಟ್ಟಿ, ಅದಕ್ಕೂ ದಾನ್ ಎಂದರು. ನಾವು ಬೀದರಿನಿಂದ ಚಾಮರಾಜನಗರದವರೆಗೆ ಅನ್ನುವ ಹಾಗೆ ಇಸ್ರಾಯೇಲರಿಗೆ ಇಡೀ ನಾಡೆಂದರೆ ‘ದಾನ್‌ನಿಂದ ಬೇರ್ಷೆಬದವರೆಗೆ’. ಅಲ್ಲಿ ಚಿಮ್ಮುವ ನದಿಯೂ ದಾನ್, ಯೊರ್ದಾನ್ ನದಿಯ ಮೂಲಗಳಲ್ಲೇ ದೊಡ್ಡದು. 1993ರಲ್ಲಿ ಆ ಹಳೆಯ ಊರಿನ ದಿಬ್ಬದಲ್ಲಿ, ಬೈಬಲಿನ ರಾಜ ದಾವೀದನ ಹೆಸರಿರುವ, ‘ದಾವೀದನ ಮನೆತನ’ ಎಂದು ಅರಾಮಿಕ್‌ನಲ್ಲಿ ಕೆತ್ತಿದ ಕಲ್ಲು ಸಿಕ್ಕಿತು.

ಇವತ್ತು ಟೆಲ್ ಅವೀವ್‌ನ ಸಿಟಿ ಬಸ್ಸುಗಳ ಮೇಲೂ ಅದೇ ಹೆಸರು ಓಡಾಡುತ್ತಿದೆ.

ಡೇನಿಯಲ್ ಅನ್ನುವುದರ ಮೊದಲರ್ಧವೂ ಇದೇ, ‘ದೇವರೇ ನನ್ನ ನ್ಯಾಯಾಧಿಪತಿ’. ಆ ಹೆಸರಿನ ಗೆಳೆಯನೊಬ್ಬನಿದ್ದಾನೆ, ಸಂಜೆ ಫೋನ್ ಮಾಡಿ ಹೇಳಬೇಕು.